ನಾಲ್ಕು ದಿನ ಮನೆಯಲ್ಲಿದ್ದ ಕುರಿಮರಿ

ಇಬ್ರಿಯರು, ಅಂದರೆ ಯೆಹೂದ್ಯರು, ಕಾದಿದ್ದ ಉದ್ಧಾರಕ ಮೆಸ್ಸೀಯ ಯೇಸುವೇ ಎಂದು ನಂಬುವ ನಾವು ಹತ್ತಾರು ಮಂದಿ ಶನಿವಾರ ಸಂಜೆ ಭಾಲ್ಕಿಯ ನಮ್ಮ ಮನೆಯಲ್ಲಿ ಸೇರಿ ಇಬ್ರಿಯ ಶಾಸ್ತ್ರ ಓದುತ್ತೇವೆ. ಕಲಿಸುವವಳು ನಾನು. ಒಂದು ಶನಿವಾರ, ಇಬ್ರಿಯರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಪಸ್ಕಹಬ್ಬದ ಭಾಗ ಬಂತು. ಬಲಿಯ ಕುರಿಮರಿಯನ್ನು ತಿಂಗಳ ಹತ್ತನೆಯ ದಿನವೇ ಆರಿಸಿ, ಹದಿನಾಲ್ಕರವರೆಗೆ ಇಟ್ಟುಕೊಳ್ಳಬೇಕೆಂದು ಅಲ್ಲಿದೆ. ನಾಲ್ಕು ದಿನ ಯಾಕೆ ಕಾಯಬೇಕು? ಅದರಲ್ಲಿ ದೋಷವಿದೆಯೇ ಎಂದು ಪರೀಕ್ಷಿಸಲು ಎಂದು, ಓದಿದ್ದನ್ನೆಲ್ಲ ನಾನು ಬಿಡಿಸಿ ಹೇಳಿದೆ. ನಮಗಾಗಿ ಬಲಿಯಾದ ಯೇಸುವಿಗೆ ಆ ಕುರಿಮರಿಯೇ ಗುರುತು ಎಂದೂ ಹೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅವ್ವ ನಕ್ಕುಬಿಟ್ಟಳು. ಸಂತಪುರದಲ್ಲಿ ಅರ್ಧ ಆಯುಷ್ಯ ಕುರಿ ಮೇಯಿಸಿದವಳು, ಓದು ಬಾರದವಳು. ಪಾಠದ ನಡುವೆ ಯಾರು ನಕ್ಕರೂ ನನಗೆ ಸಿಟ್ಟು ಬರುತ್ತದೆ. "ಯಾಕ ನಗ್ತಿ?" ಎಂದೆ.

"ಕುರಿ ನೋಡ್ಲಾಕ ನಾಲ್ಕು ದಿನ ಯಾಕ ಬೇಕು? ಹಲ್ಲು ನೋಡಿ, ಬೆನ್ನ ಮ್ಯಾಲ ಕೈ ಆಡಿಸಿದ್ರ ತಿಳಿತದ. ನಾಲ್ಕು ದಿನ ಮನ್ಯಾಗ ಕಟ್ಟಿದ್ರ ಹುಡುಗರು ಅದಕ್ಕ ಹೆಸರಿಡ್ತಾವ. ಅದು ಮನಿ ಮಂದಿ ಆಗ್ತದ. ಆಮ್ಯಾಲ ಕೊಯ್ಲಾಕ ಯಾರಿಗಿ ಕೈ ಏಳ್ತದ? ನಾಲ್ಕು ದಿನಕ್ಕ ಹಿಂಗಾದ್ರ, ಮೂವತ್ತು ವರ್ಷ ಮನ್ಯಾಗ ಉಂಡು ಬೆಳೆದ ಯೇಸುನ್ನ ಕಳಕೊಂಡ ಆ ತಾಯಿಗಿ ಹ್ಯಾಂಗಾಗಿರ್ಬೇಕು?"

ನಾನು ನನ್ನ ಟಿಪ್ಪಣಿ ಪುಸ್ತಕ ಮುಚ್ಚಿದೆ.

ಆಮೇಲೆ ಬೀದರಿನ ಒಂದು ಸಭೆಯಲ್ಲಿ ಇದನ್ನೇ ಹೇಳಿದೆ. ಇಬ್ರಿಯ ಭಾಷೆ ಬಲ್ಲ ಬೋಧಕರೊಬ್ಬರು ಬರೆದುಕೊಂಡು, "ಯಾವ ಪಂಡಿತರ ವ್ಯಾಖ್ಯಾನರಿ ಇದು?" ಎಂದು ಕೇಳಿದರು.

"ನಮ್ಮವ್ವಂದ್ರಿ," ಎಂದೆ, ಎಲ್ಲರಿಗೂ ಕೇಳುವಂತೆ. "ಸಂತಪುರದಾಗ ಕುರಿ ಕಾದಾಕಿ."