ಟಪಾಲು ಪುಸ್ತಕದ ಖಾಲಿ ಸಾಲು

ಗ್ರೇಸ್ ಎಂಬ ಹೆಣ್ಣುಮಗಳನ್ನು ಸುಳ್ಳುಗಾತಿ ಮಾಡಿದವನು ನಾನು. ಒಂದೇ ಒಂದು ಸಾಲು ಬರೆದು — ನೀಲಿ ಶಾಯಿಯಲ್ಲಿ, ಎಲ್ಲರೂ ಹೊಗಳುತ್ತಿದ್ದ ನನ್ನ ದುಂಡು ಅಕ್ಷರದಲ್ಲಿ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ, ಈಗ ಅವಳೂ ಇಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಟೈಪಿಂಗ್ ಕಲಿತು ದೆಹಲಿಗೆ ಬಂದು ಕೇಂದ್ರ ಸರ್ಕಾರದಲ್ಲಿ ಗುಮಾಸ್ತನಾಗಿ ನಿವೃತ್ತನಾದೆ. ಎರಡು ಸಾವಿರದ ಇಸವಿ ದಾಟಿತ್ತು. ಲೋಧಿ ಕಾಲೋನಿಯ ಸರ್ಕಾರಿ ಮನೆ ಬಿಟ್ಟು ಲಕ್ಷ್ಮೀ ನಗರದ ಬಾಡಿಗೆ ಮನೆಗೆ ಬಂದಿದ್ದೆವು. ಆಗ ಮೈಸೂರು ಕಡೆಯ ಮೂರ್ತಿ ಸಾಹೇಬರು ತಮ್ಮ ಖಾಸಗಿ ಕಚೇರಿಗೆ ಕರೆದರು. ಬಡ ದೇಶಗಳಿಗೆ ನೆರವು ಕೊಡುವ ಒಂದು ಅಭಿವೃದ್ಧಿ ಬ್ಯಾಂಕಿಗೆ ವರದಿ ಬರೆದುಕೊಡುವುದು ಅವರ ಕೆಲಸ. ಟಪಾಲು ಪುಸ್ತಕ ನನ್ನ ಪಾಲಿಗೆ ಬಂತು — ಯಾವ ಕಾಗದ ಬಂತು, ಯಾವುದು ಹೋಯಿತು, ಎಷ್ಟು ಹಾಳೆ, ಯಾರ ಕೈಯಿಂದ. ಹಳೆಯ ಕಚೇರಿಯಲ್ಲಿ ಕಲಿತ ಒಂದು ರೂಢಿ ನನ್ನೊಂದಿಗೆ ಬಂದಿತ್ತು: ದಿನದ ಕೊನೆಗೆ ಒಂದು ಸಾಲು ಖಾಲಿ ಬಿಡುವುದು. ಸಾಹೇಬರ ಮೇಜಿನಲ್ಲೇ ಉಳಿದ ಕಾಗದ ಮರುದಿನ ಕೈಗೆ ಸಿಕ್ಕರೆ, ಅದನ್ನು ಅದರ ತಾರೀಕಿನ ಕೆಳಗೇ ಸೇರಿಸಬಹುದು.

ಗ್ರೇಸ್ ಆಫ್ರಿಕಾದ ಒಂದು ಸಣ್ಣ ದೇಶದ ಕೃಷಿ ಇಲಾಖೆಯವರು. ಬೇಸಾಯ ಬಿಟ್ಟರೆ ಬೇರೆ ಆಸರೆಯಿಲ್ಲದ ದೇಶ. ಬ್ಯಾಂಕು ನೆರವಿಗೆ ಒಪ್ಪಿತ್ತು; ಆದರೆ ಅಲ್ಲಿನ ಸರ್ಕಾರ ಊರೂರಲ್ಲಿ ನಡೆಸುತ್ತಿದ್ದ, ನಿಗದಿತ ಬೆಲೆಗೆ ಕಾಳು ಮಾರುವ ಮುಸುಕಿನ ಜೋಳದ ಉಗ್ರಾಣಗಳನ್ನು ಮುಚ್ಚಿ ಆ ವ್ಯಾಪಾರವನ್ನು ಖಾಸಗಿಯವರಿಗೆ ಬಿಡಬೇಕೆಂಬ ಕರಾರಿತ್ತು. ರೈತರು ಏನನ್ನುತ್ತಾರೆ ಎಂಬುದೂ ನಮ್ಮ ವರದಿಯಲ್ಲಿರಬೇಕಿತ್ತು. ಗ್ರೇಸ್ ಹಳ್ಳಿಹಳ್ಳಿ ಸುತ್ತಿ ಹೆಂಗಸರ ಮಾತು ಬರೆದುಕೊಂಡು ದೆಹಲಿಗೆ ಬಂದರು. ಎರಡು ತಿಂಗಳು ವಸಂತ್ ಕುಂಜ್‌ನಲ್ಲಿದ್ದು ನಮ್ಮೊಂದಿಗೆ ಕೆಲಸ ಮಾಡಿದರು. ಆ ಮಾತುಗಳೆಲ್ಲ ವರದಿಯ ಅನುಬಂಧವಾದವು — ಹದಿನಾಲ್ಕು ಹಾಳೆ. ಟೈಪ್ ಮಾಡಿದವನು ನಾನೇ. ‘ಬಿತ್ತನೆಯ ತಿಂಗಳಲ್ಲಿ ಮನೆಯ ಕಾಳು ಮುಗಿದಿರುತ್ತದೆ. ಆಗ ವ್ಯಾಪಾರಿ ನಮ್ಮ ಮಕ್ಕಳ ಮುಖ ನೋಡಿ ಬೆಲೆ ಹೇಳುತ್ತಾನೆ.’ ಒಬ್ಬ ಮುದುಕಿಯ ಮಾತು. ಟೈಪ್ ಮಾಡುವಾಗ ಕೈ ಒಂದು ಗಳಿಗೆ ನಿಂತಿತ್ತು — ಅಷ್ಟೇ, ಒಂದು ಗಳಿಗೆ.

ಗ್ರೇಸ್ ರಾತ್ರಿಯ ವಿಮಾನದಲ್ಲಿ ಊರಿಗೆ ಹೊರಟ ಮರುದಿನ ಸಾಹೇಬರು ಕರೆದರು.

"ರಾಯರೇ, ಆ ಅನುಬಂಧ ತೆಗೆದು ಬೈಂಡ್ ಮಾಡ್ಸಿ. ಬ್ಯಾಂಕಿನೋರಿಗೆ ಈ ಅಳುಮುಂಜಿ ಪುರಾಣ ಯಾಕೆ?"

ತೆಗೆದೆ. ಒಂದು ಬದಿ ಖಾಲಿಯಿರುವ ಹಾಳೆಯನ್ನು ನಾನು ಎಂದೂ ಎಸೆದವನಲ್ಲ. ಅವುಗಳ ಬೆನ್ನಿಗೇ ವರದಿ ಬಿಡುಗಡೆಯ ಸಮಾರಂಭದ ಊಟದ ಪಟ್ಟಿಯ ಕರಡು ಮುದ್ರಿಸಿದೆ. ಒಂದು ಕಡೆ ಆ ಮುದುಕಿಯ ಮಾತು, ಇನ್ನೊಂದು ಕಡೆ ಶಾಹಿ ಪನೀರ್, ಗುಲಾಬ್ ಜಾಮೂನು, ರಬ್ಡಿ. ಹೋಟೆಲಿನ ಸಭಾಂಗಣದಲ್ಲಿ ಯಾರೋ ದೊಡ್ಡವರು ‘ರೈತರು ಈ ಸುಧಾರಣೆಯನ್ನು ಮನಸಾರೆ ಸ್ವಾಗತಿಸಿದ್ದಾರೆ’ ಎಂದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಜಾಮೂನು ಎರಡು ಸಲ ಹಾಕಿಸಿಕೊಂಡೆ.

ಮುದ್ರಿತ ವರದಿ ನೋಡಿದ ಗ್ರೇಸ್ ಸುಮ್ಮನಿರಲಿಲ್ಲ. ‘ಹದಿನಾಲ್ಕು ಹಾಳೆ ನಾನು ಕೊಟ್ಟಿದ್ದೆ, ಅವು ಎಲ್ಲಿ?’ ಎಂದು ಬ್ಯಾಂಕನ್ನು ಕೇಳಿದರು. ಬ್ಯಾಂಕು ನಮ್ಮನ್ನು ಕೇಳಿತು. ಸಾಹೇಬರು ಪುಸ್ತಕ ತರಿಸಿ ಹಾಳೆ ಮಗುಚಿದರು.

"ಆಕೆ ಹೊರಟ ದಿನದ ಕೆಳಗೆ ಒಂದು ಸಾಲು ಖಾಲಿ ಇದ್ಯಲ್ಲ ರಾಯರೇ, ಯಾಕೆ? ದೇವರಿಗೆ ಎಡೆ ಇಡೋಕಾ?"

"ತಡವಾಗಿ ಕೈಗೆ ಬಂದ ಕಾಗದಕ್ಕೆ ಸಾರ್."

"ಅಚ್ಛಾ! ಹಾಗಾದ್ರೆ ಈ ಹಾಳೆಗಳನ್ನ ಆಕೆನೇ ವಾಪಸ್ ತಗೊಂಡ್ಳು ಅಂತ ಹಾಕಿ. ಚಲೋ, ಬರೀರಿ."

ಬರೆದೆ: ‘ಅನುಬಂಧ, ಹದಿನಾಲ್ಕು ಹಾಳೆ — ಗ್ರೇಸ್ ಅವರು ಸಂಜೆ ಖುದ್ದಾಗಿ ಬಂದು ಹಿಂಪಡೆದರು.’

ಸಂಜೆ ಎಂದು, ಖುದ್ದಾಗಿ ಎಂದು ಸಾಹೇಬರು ಹೇಳಿರಲಿಲ್ಲ. ಅವೆರಡೂ ನನ್ನವು. ಸುಳ್ಳಿಗೆ ಹೊತ್ತನ್ನೂ ಕಾಲನ್ನೂ ಕೊಟ್ಟರೆ ಅದು ನಿಲ್ಲುತ್ತದೆ ಎಂದು ಗುಮಾಸ್ತನಿಗೆ ಗೊತ್ತಿರುತ್ತದೆ. ಹಳೆಯ ಸಾಲುಗಳ ಬಣ್ಣಕ್ಕೆ ಹೊಂದಲೆಂದು ಶಾಯಿಗೆ ಎರಡು ಹನಿ ನೀರು ಬೆರೆಸಿದವನೂ ನಾನೇ. ಯಾರೂ ಬೆದರಿಸಲಿಲ್ಲ. "ನಿಮ್ಮಂಥೋರು ಇರ್ಬೇಕು ರಾಯರೇ" ಎಂದು ಸಾಹೇಬರು ಬೆನ್ನು ತಟ್ಟಿದರು. ಬಾಲ ಇದ್ದಿದ್ದರೆ ಅಲ್ಲಾಡಿಸುತ್ತಿದ್ದೆ.

ಆ ಪುಟದ ನಕಲು ಬ್ಯಾಂಕಿಗೆ, ಅಲ್ಲಿಂದ ಗ್ರೇಸ್ ಅವರ ಇಲಾಖೆಗೆ ಹೋಯಿತು. ತಾನೇ ಹಿಂಪಡೆದು ಈಗ ದೂರು ಹೇಳುತ್ತಿದ್ದಾಳೆ ಎಂದು ಇಲಾಖೆ ಅವರನ್ನು ಕೆಲಸದಿಂದ ತೆಗೆದುಹಾಕಿತು. ಉಗ್ರಾಣಗಳು ಮುಚ್ಚಿದವು. ಮುಂದಿನ ಬಿತ್ತನೆಯ ತಿಂಗಳುಗಳಲ್ಲಿ ಅಲ್ಲಿ ಏನಾಯಿತೋ — ನಾನು ಕೇಳಲಿಲ್ಲ. ಕೇಳದಿರುವುದು ಎಷ್ಟು ಸುಲಭ!

ಕೆಲವು ತಿಂಗಳ ನಂತರ ನನ್ನ ಹೆಸರಿಗೇ ಅವರ ಪತ್ರ ಬಂತು. ಬೈಗುಳ ಇರುತ್ತದೆಂದು ಒಡೆದೆ. ಇರಲಿಲ್ಲ. ‘ಮಿಸ್ಟರ್ ರಾವ್, ನೀವು ಎಷ್ಟು ಜಾಗ್ರತೆಯಿಂದ ಬರೆಯುತ್ತೀರೆಂದು ಎರಡು ತಿಂಗಳು ನೋಡಿದ್ದೇನೆ. ನೀವು ತಪ್ಪು ಬರೆಯುವವರಲ್ಲ. ಆ ಸಂಜೆ ನಾನು ಬಂದಿದ್ದೆನೇ? ನನಗೆ ನೆನಪೇ ಆಗುತ್ತಿಲ್ಲ. ನನ್ನ ತಲೆ ಕೆಟ್ಟಿದೆಯೇನೋ ಎಂದು ಭಯವಾಗುತ್ತಿದೆ. ದಯವಿಟ್ಟು ತಿಳಿಸಿ.’

ತಮ್ಮ ನೆನಪಿಗಿಂತ ನನ್ನ ಪುಸ್ತಕವನ್ನು ನಂಬಿದ್ದರು! ಆ ಪತ್ರವನ್ನು ನಾನು ಪುಸ್ತಕಕ್ಕೆ ಏರಿಸಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ಹರಿದುಹಾಕುವ ಧೈರ್ಯವೂ ಇರಲಿಲ್ಲ — ನನ್ನಂಥವರಿಗೆ ಕಾಗದ ಹರಿಯುವುದು ಪಾಪ, ಮನುಷ್ಯರನ್ನು ಹರಿಯುವುದಲ್ಲ.

‘ಸಾಹೇಬರು ಹೇಳಿದರು’, ‘ಬ್ಯಾಂಕಿಗೆ ಅದೇ ಬೇಕಿತ್ತು’, ‘ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ’ — ಇವೆಲ್ಲವನ್ನೂ ನನಗೆ ನಾನೇ ಬೇಕಾದಷ್ಟು ಸಲ ಹೇಳಿಕೊಂಡಿದ್ದೇನೆ. ನಾನು ಬರೆದೆ. ಅಷ್ಟೇ.

ನಿನ್ನೆ ಎರಡು ಲಕೋಟೆ ರಿಜಿಸ್ಟರ್ಡ್ ಅಂಚೆಗೆ ಹಾಕಿಬಂದೆ. ಒಂದು ಬ್ಯಾಂಕಿಗೆ: ನಡೆದದ್ದೆಲ್ಲ, ನನ್ನ ಪೂರ್ತಿ ಹೆಸರು, ಸಹಿ. ಇನ್ನೊಂದು ಗ್ರೇಸ್‌ಗೆ, ಪತ್ರದಲ್ಲಿದ್ದ ಅದೇ ವಿಳಾಸಕ್ಕೆ. ಅವರು ಅಲ್ಲಿದ್ದಾರೋ, ಇದ್ದಾರೋ ಇಲ್ಲವೋ, ತಿಳಿಯದು. ಕ್ಷಮೆ ಕೇಳಲಿಲ್ಲ, ಕೇಳಿ ಅವರ ಮೇಲೆ ಇನ್ನೊಂದು ಹೊರೆ ಹಾಕುವ ಹಕ್ಕು ನನಗಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆದೆ.

ಇಲ್ಲ ತಾಯಿ, ಆ ಸಂಜೆ ನೀವು ಬಂದಿರಲಿಲ್ಲ.