ಮೂರನೇ ಸಾಲಿಗೆ ಮೂರೇ ಮುದ್ದೆ

ಎಂಬತ್ತರ ದಶಕದ ಕೊನೆ. ತುಮಕೂರಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯೇ ನಮ್ಮ ಆಫೀಸು. ಇದ್ದದ್ದು ಒಂದೇ ಕಂಪ್ಯೂಟರು. ಧೂಳು ಕೂರದಿರಲೆಂದು ಅದಕ್ಕೆ ನನ್ನ ಹಳೇ ವಾಯಿಲ್ ಸೀರೆಯ ಮುಸುಕು. ಜೊತೆಗಿದ್ದವಳು ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಗುಬ್ಬಿಯ ಕೊಬ್ಬರಿ ಮಂಡಿಗೆ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಮು ಬರೆಯುತ್ತಿದ್ದೆವು. ಒಂದು ದಿನ ಮಂಡಿ ಸಾಹುಕಾರರು ನೋಡಲು ಬಂದರು. ಅದೇ ಹೊತ್ತಿಗೆ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಪರದೆಯ ತುಂಬ 'ವಾರ್ನಿಂಗ್' ಅಂತ ಕಕ್ಕಿತು.

"ರೈಲ್ವೆ ಗೇಟ್ ಹತ್ರ ಬರ್ದಿರ್ತಾರಲ್ಲ, ಅದೇ ವಾರ್ನಿಂಗಾ?"

"ಅಷ್ಟೇನಿಲ್ಲ ಸಾಹುಕಾರ್ರೇ" ಅಂದೆ.

"ಎಷ್ಟಾದ್ರೂ ಇರ್ಲಿ. ಅಪಶಕುನ ಒದರೋ ಯಂತ್ರ ನನ್ ಮಂಡಿಗೆ ಬ್ಯಾಡ ಕಣಮ್ಮ. ಸೋಮವಾರ ಬತ್ತೀನಿ."

ಅವರು ಮೆಟ್ಟಿಲಿಳಿದ ಮೇಲೆ ಆಫೀಸಿನ ಯಜಮಾನರು ಹುಡುಗಿಗೆ ಹೇಳಿದರು: "ಸೋಮವಾರ ಅವ್ರು ಒಪ್ಪಿದ್ರೆ ನೀನು ಖಾಯಂ. ಇಲ್ದಿದ್ರೆ ನೋಡಮ್ಮ, ಕಷ್ಟ."

ವಾರ್ನಿಂಗ್‌ಗಳ ಮೂಲ, ಮೆಮೊರಿಯಲ್ಲಿ ಜಾಗ ಹಂಚಿಕೊಡುವ ತುಣುಕು. ಅದಕ್ಕೆ ಎರಡು ಸಂಖ್ಯೆ ಕೊಡಬೇಕಿತ್ತು: ಕೇಳುತ್ತಿರುವುದು ಪ್ರೋಗ್ರಾಮಿನ ಎಷ್ಟನೇ ವಿಭಾಗ, ಎಷ್ಟು ಅಕ್ಷರಕ್ಕೆ ಜಾಗ ಬೇಕು. ಮೊದಲನೆಯದನ್ನು ಅದು ಎಲ್ಲೂ ಬಳಸುತ್ತಿರಲಿಲ್ಲ. 'ಸುಮ್ಮನೆ ಯಾಕೆ ಇಸ್ಕೊಂಡೆ' ಅಂತ ಕಂಪೈಲರಿನ ತಕರಾರು. ಹುಡುಗಿ ಅದನ್ನು ಕಿತ್ತು ಹಾಕಿದಳು. ಪರದೆ ಒರೆಸಿಟ್ಟ ಹಾಗಾಯಿತು.

"ಅಕ್ಕಾ, ಹೋಯ್ತು ಪೀಡೆ!" ಅಂತ ಕೆಳಗಿನಿಂದ ಬೋಂಡ ತರಿಸಿದಳು.

ಬೋಂಡ ತಿಂದು ಕೈ ತೊಳೆದು ಒಂದು ಚೀಟಿ ಮುದ್ರಿಸಿದೆವು. ಕೊಬ್ಬರಿಯ ತೂಕದ ಮೇಲೆ ರೈತನ ಹೆಸರು ಹತ್ತಿ ಕೂತಿತ್ತು. ಆಮೇಲೆ ಯಾವ ಕೀಲಿ ಒತ್ತಿದರೂ ಅಲ್ಲಾಡದೆ ಕಂಪ್ಯೂಟರೇ ಕಲ್ಲಾಯಿತು.

ಅವಳ ಮುಖ ಸಣ್ಣಗಾಯಿತು. ಅಗಲದ ಕಾಗದದಲ್ಲಿ ಪ್ರೋಗ್ರಾಮು ಪೂರ್ತಿ ಮುದ್ರಿಸಿ, ನೆಲದ ಮೇಲೆ ಹಾಸಿ, ಅಕ್ಕಿ ಆರಿಸುವ ಹಾಗೆ ಇಬ್ಬರೂ ಕೂತೆವು. ಸ್ವಲ್ಪ ಹೊತ್ತಿಗೆ ಅವಳೇ ಹಣೆ ಚಚ್ಚಿಕೊಂಡಳು.

"ಅಕ್ಕಾ, ನಮ್ಮೂರ್ ಮದ್ವೆ ಊಟ ಆಗೋಗದೆ ಇದು! ಬಡಿಸೋರು 'ಮೂರನೇ ಸಾಲು, ನಲ್ವತ್ತು ಮುದ್ದೆ' ಅಂತ ಕೂಗ್ತಾರಲ್ಲ? ಅಡುಗೆಯವನಿಗೆ ಸಾಲು ಕೇಳ್ಬೇಡ ಅಂದ್ಬಿಟ್ಟೆ. ಬಡಿಸೋರಿಗೆ ಹೇಳ್ಲೇ ಇಲ್ಲ. ಅವ್ರು ಮೂರು ಅಂತಿದ್ದಂಗೇ ಇವ್ನು ಮೂರೇ ಮುದ್ದೆ ಕಳಿಸ್ತಾವ್ನೆ!"

"ಮಿಕ್ಕೋರು?"

"ಪಕ್ಕದ ಎಲೆಗೆ ಕೈ ಹಾಕ್ತಾವ್ರೆ!"

ನಿಜವೇ. ಜಾಗ ಕೇಳುವ ಕಡೆಯೆಲ್ಲ ಇನ್ನೂ ಎರಡೆರಡು ಸಂಖ್ಯೆ ಹೋಗುತ್ತಿದ್ದವು; ಮೊದಲು ಸಿಕ್ಕ ವಿಭಾಗದ ಸಂಖ್ಯೆಯನ್ನೇ ಅಳತೆ ಅಂದುಕೊಂಡು ಆ ತುಣುಕು ಅಷ್ಟೇ ಜಾಗ ಕೊಡುತ್ತಿತ್ತು. ಕೊಟ್ಟದ್ದಕ್ಕೂ ತೆಗೆದುಕೊಂಡದ್ದಕ್ಕೂ ತಾಳೆ ನೋಡುವ ಬುದ್ಧಿ ಆ ಹಳೇ ಕಂಪೈಲರಿಗೆ ಇರಲಿಲ್ಲ. ಬೇಡದ್ದಕ್ಕೆ ಬಾಯಿ ಮಾಡಿ, ಬೇಕಾದಾಗ ಗಪ್‌ಚಿಪ್. ಕೂಗುವವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ, ಸಾಲಿನ ಸಂಖ್ಯೆಯನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದು, ಕಂಪ್ಯೂಟರಿನಲ್ಲೂ ಅಳಿಸಿ ಹಾಕಿದೆವು.

ಸೋಮವಾರ ಸಾಹುಕಾರರು ಕುರ್ಚಿ ಎಳೆದುಕೊಂಡು ಪರದೆಯ ಎದುರೇ ಕೂತರು. ಕಂಪೈಲರ್ ಓಡಿತು, ನಿಂತಿತು. ಒಂದಕ್ಷರ ಇಲ್ಲ. ಅವರು ಹುಬ್ಬು ಗಂಟಿಕ್ಕಿದರು.

"ಏನೂ ಯೋಳ್ತಾನೇ ಇಲ್ವಲ್ಲಮ್ಮ. ಕೆಟ್ಟೋಯ್ತಾ?"

ಹುಡುಗಿ ಒಂದು ಚೀಟಿ ಮುದ್ರಿಸಿ, ಪ್ರಿಂಟರಿನಿಂದ ಹರಿದು ಅವರ ಕೈಗಿಟ್ಟಳು.

"ಎಲ್ರಿಗೂ ಮುದ್ದೆ ಬಿದ್ದಿದೆ ಸಾಹುಕಾರ್ರೇ. ಉಣ್ಣೋವಾಗ ಯಾರ್ ಮಾತಾಡ್ತಾರೆ?"

ಅವರು ಚೀಟಿಯನ್ನು ಕಿಟಕಿ ಬೆಳಕಿಗೆ ಹಿಡಿದರು. ಹೆಸರು ಹೆಸರಿನ ಜಾಗದಲ್ಲಿ, ತೂಕ ತೂಕದ ಜಾಗದಲ್ಲಿ. "ಜೋರವ್ಳೆ ಹುಡ್ಗಿ" ಅಂತ ನಕ್ಕು ಯಜಮಾನರ ಕಡೆ ತಲೆಯಾಡಿಸಿದರು.

ಆವತ್ತು ಸಂಜೆ ಕುಣಿಗಲ್ ಬಸ್ಸಿಗೆ ಹೊರಡುವ ಮುಂಚೆ ಅವಳು, ಅಷ್ಟು ದಿನ ಚೀಲದಲ್ಲೇ ಒಯ್ದು ತರುತ್ತಿದ್ದ ತನ್ನ ಸ್ಟೀಲ್ ಲೋಟವನ್ನು ತೊಳೆದು, ನನ್ನ ಲೋಟದ ಪಕ್ಕ ಕಿಟಕಿಯಲ್ಲಿ ಬೋರಲು ಹಾಕಿ ಹೋದಳು.