ಕುರಿಯಂತೆ ಕತ್ತರಿಸಿದ ನಾಯಿ

1947ನೆಯ ಇಸವಿ ಏಪ್ರಿಲ್ 6, ರವಿವಾರ, ಬೆಳಿಗ್ಗೆ ಎಂಟೂವರೆ. ವಿಜಾಪುರದ ಸೊಲ್ಲಾಪುರ ರಸ್ತೆಯಾಚೆ, ಮುದಿ ದನಗಳನ್ನು ಸಾಕುವ ಪಾಂಜರಪೋಳದ ಅಂಗಳದಲ್ಲಿ ನಾನು ಮತ್ತು ನನ್ನ ಕಾಕಾ ನಿಂತಿದ್ದೆವು. ವಿಲಾಯತಿಗೆ ಮರಳಿದ ಸಾಹೇಬರೊಬ್ಬರ ಮನೆಯವರು ತಮ್ಮ ನಾಯಿಯನ್ನು ಅಲ್ಲಿ ಬಿಟ್ಟು ಹೋಗಿದ್ದರು. ಪೊಮೆರೇನಿಯನ್ ಜಾತಿ, ಅಚ್ಚ ತಳಿ. ಬೆಕ್ಕಿಗಿಂತ ತುಸು ದೊಡ್ಡದು, ಮೈತುಂಬ ಬಿಳಿ ಕೂದಲು. ಎತ್ತುಗಳ ಕಾಲ ನಡುವೆ ಒಂದು ಬುಟ್ಟಿಯಲ್ಲಿ ಮುದುಡಿ ಕುಳಿತಿತ್ತು.

“ಒಯ್ಯೂದಾದ್ರ ಒಯ್ರಿ,” ಎಂದರು ಅಲ್ಲಿಯ ಮುನೀಮರು. “ಮಾರಂಗಿಲ್ಲ, ಹೊಡಿಯಂಗಿಲ್ಲ. ಆಕಳ ಬೆನ್ನ ಮ್ಯಾಲ ಕೈ ಇಟ್ಟು ಆಣಿ ಮಾಡ್ರಿ.”

ಕಾಕಾ ಆಣೆ ಮಾಡಿದ. ಅವನಿಗೆ ಮದುವೆಯಾಗಿರಲಿಲ್ಲ, ಬಿಜ್ಜರಗಿಯಲ್ಲಿ ಕುರಿ ಸಾಕಿಕೊಂಡು ಒಬ್ಬನೇ ಇದ್ದ. ಅವನ ಹಟ್ಟಿಯ ನಾಯಿ ಆ ಚಳಿಗಾಲದಲ್ಲಿ ಸತ್ತಿತ್ತು. ಆದ್ದರಿಂದಲೇ ನಾನು ಅವನನ್ನು ಅಲ್ಲಿಗೆ ಕರೆದೊಯ್ದಿದ್ದೆ.

“ಇದೇನ ಕುರಿ ಕಾಯ್ತೈತಲೇ? ಕುರಿನ ಇದನ್ನ ಕಾಯಬೇಕು,” ಎಂದು ನಕ್ಕ. ಆದರೆ ಟಿಕೋಟಾದವರೆಗೆ ಮೋಟಾರಿನಲ್ಲೂ, ಅಲ್ಲಿಂದ ಊರಿಗೆ ಚಕ್ಕಡಿಯಲ್ಲೂ ಅದನ್ನು ತೊಡೆಯಿಂದ ಇಳಿಸಲಿಲ್ಲ.

ಬಾಗಿಲಲ್ಲೇ ನೆರೆಮನೆಯ ಮುದುಕಿ ಕೆಣಕಿದಳು: “ಯಪ್ಪಾ, ಮದಿವಿ ಇಲ್ಲದ ಕೂಸ ತಂದೀಯಲ್ಲೋ!”

“ಹೌದ ಬೇ ಯವ್ವಾ. ನಿನಗಿಂತ ಕಡಿಮಿ ಒದರತೈತಿ.”

ಒದರಲೇ ಇಲ್ಲ ಅದು. ಸರಿಯಾಗಿ ತಿನ್ನಲೂ ಇಲ್ಲ. ವಿಜಾಪುರದ ಸ್ಟೇಷನ್ ರಸ್ತೆಯ ಕೋಣೆಯಲ್ಲಿದ್ದು ಓದುತ್ತಿದ್ದ ನಾನು ಬೇಸಿಗೆಯ ರಜೆಗೆ ಊರಲ್ಲೇ ಇದ್ದೆ. ಅದು ತಿಂದದ್ದನ್ನು ದಿನವೂ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಮೊದಲು ಹಾಲಿನಲ್ಲಿ ನೆನೆಸಿದ ಅರ್ಧ ರೊಟ್ಟಿ. ಆಮೇಲೆ ಎರಡು ತುತ್ತು. ಆಮೇಲೆ ಬರೀ ನೀರು. ನಾಲಿಗೆ ಹೊರಚಾಚಿ, ಪಕ್ಕೆ ಎಳೆಯುತ್ತ ಮಲಗಿರುತ್ತಿತ್ತು.

ಕಾಕಾ ಒಂದು ಸಂಜೆ ಅದರ ಕೂದಲೊಳಗೆ ಬೆರಳಾಡಿಸಿ ನೋಡಿದ. “ಇಷ್ಟ ದಪ್ಪ ಕಂಬಳಿ ಹೊತ್ಗೊಂಡು ಈ ಬ್ಯಾಸಿಗ್ಯಾಗ ಯಾವ ಜೀವ ತಿಂದೀತೋ?”

ಏಪ್ರಿಲ್ 15, ಮಂಗಳವಾರ. ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಅವನ ಕೈ ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚರ್ಮದಂಚಿನವರೆಗೂ ಕತ್ತರಿಸಿದ. ಎಲ್ಲೂ ಒಂದು ಗೀರು ಬೀಳಲಿಲ್ಲ. ಕೂದಲ ರಾಶಿಯ ಪಕ್ಕದಲ್ಲಿ ಗುಲಾಬಿ ಮೈಯ ಯಾವುದೋ ಬೇರೆ ಪ್ರಾಣಿ ನಿಂತಂತಾಯಿತು. ಆ ಸಂಜೆ ಅದು ಒಂದು ಬಟ್ಟಲು ಹಾಲು ಕುಡಿಯಿತು.

“ನೋಡಿದಿಲ್ಲೋ?” ಎಂದ ಕಾಕಾ. ಅವನ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಮತ್ತೆ ಕಾಣಲಿಲ್ಲ.

ಮೈ ಹಗುರಾಯಿತಲ್ಲ ಎಂದು ಮರುದಿನ ಕುರಿಗಳನ್ನು ಮೇಯಿಸಲು ಹೋದಾಗ ಅದನ್ನೂ ಒಯ್ದ. ಮೇಯಿಸುವ ಬಯಲಲ್ಲಿ ಮರದ ನೆರಳು ಕಡಿಮೆ. ಸಂಜೆ ಮರಳುವಾಗ ನಾಯಿಯ ಬೆನ್ನು ಕೆಂಪಗೆ ಬೆಂದು ಬೊಬ್ಬೆ ಎದ್ದಿತ್ತು. ಬೆಣ್ಣೆ ಸವರಿದೆವು. ಮುಟ್ಟಿದರೆ ಮುಲುಗುತ್ತಿತ್ತು.

ದನದ ಡಾಕ್ಟರು ಸಂತೆಯ ದಿನ ಬಬಲೇಶ್ವರಕ್ಕೆ ಬರುತ್ತಿದ್ದರು. ಕಂಬಳಿಯ ಜೋಳಿಗೆಯಲ್ಲಿ ಒಯ್ದು ತೋರಿಸಿದೆವು.

“ಕುರಿ ಬ್ಯಾರೆ, ಇದು ಬ್ಯಾರೆ ರೀ. ಆ ಕೂದಲ ಇದಕ್ಕ ಛತ್ರಿ ಇದ್ದಂಗ,” ಎಂದರು. ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದರು. “ಎದಿಯೊಳಗೂ ಜಡ್ಡು ಐತಿ. ಅದು ಮೊದಲಿಂದ ಇತ್ತೋ ಏನೋ, ಹೇಳಾಕ ಆಗೂದಿಲ್ಲ.”

ಮೇ 2, ಶುಕ್ರವಾರ, ನಸುಕಿನಲ್ಲಿ ಅದು ಕಾಕಾನ ಹಾಸಿಗೆಯ ಪಕ್ಕದಲ್ಲೇ ಸತ್ತಿತು. ಹೊಲದ ಬದುವಿನಲ್ಲಿ ಹೂಳಿದೆವು.

ಇದಾಗಿ ಎರಡು ವರ್ಷ. ಅಂದಿನಿಂದ ಕಾಕಾ ಕತ್ತರಿ ಹಿಡಿದಿಲ್ಲ. ಅವನ ಕುರಿಗಳನ್ನು ಈಗ ಬೇರೆಯವರು ಕತ್ತರಿಸುತ್ತಾರೆ, ಅಲ್ಲಲ್ಲಿ ಗಾಯ ಮಾಡುತ್ತಾರೆ. ಆ ಗಾಯಗಳಿಗೆ ಅವನು ಅರಿಶಿನ ಹಚ್ಚುತ್ತಾನೆ. ನಾನು ಊರಿಗೆ ಹೋದಾಗಲೆಲ್ಲ ಕೇಳುವುದು ಒಂದೇ ಮಾತು: “ನಾ ಕತ್ತರಸದ ಇದ್ದಿದ್ರ ಉಳೀತಿತ್ತೇನೋ?”

ಕತ್ತರಿ ಮುಟ್ಟುವ ಮೊದಲೇ ಅದು ಅನ್ನ ಬಿಟ್ಟಿತ್ತೆಂದು ದಿನಚರಿಯನ್ನು ಓದಿ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

“ಅವತ್ತ ಸಂಜಿಕ ಹಾಲ ಕುಡೀತಲ್ಲೋ. ಬದುಕೂದಿತ್ತದು.”

ಅದಕ್ಕೇ ಇದನ್ನು ಬರೆದಿದ್ದೇನೆ. ಈ ಜಾತಿಯ ನಾಯಿಯನ್ನು ನಮ್ಮಂಥ ಬಿಸಿಲು ಸೀಮೆಯಲ್ಲಿ ಸಾಕಿ ಬಲ್ಲವರು, ಅಥವಾ ಆ ಸಾಹೇಬರ ಬಂಗಲೆಯಲ್ಲಿ ಕೆಲಸಕ್ಕಿದ್ದು ಅದಕ್ಕೆ ಮೊದಲೇ ಕಾಯಿಲೆ ಇತ್ತೇ ಎಂದು ತಿಳಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಕಾಕಾನಿಗೆ ಓದು ಬಾರದು. ನಾನೇ ಓದಿ ಹೇಳಬೇಕು. ಕತ್ತರಿಯೇ ಕಾರಣವೆಂದು ನಿಮಗೆ ಗೊತ್ತಿದ್ದರೆ ಹಾಗೆಯೇ ಬರೆಯಿರಿ. ಅದನ್ನೂ ಓದಿ ಹೇಳುತ್ತೇನೆ.